ಬಂದವರನ್ನು ಅಳೆಯುವ ಬಾಗಿಲು

(ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತು ಇದು. ಅವತ್ತು ಗೋಡೆ ಮೇಲೆ ಚಿತ್ರ ತೋರಿಸುತ್ತಾ ಹೇಳಿದ್ದನ್ನು ಓದುವವರಿಗೆ ಒಗ್ಗುವ ಹಾಗೆ ಸ್ವಲ್ಪ ಬಿಡಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲು ಈ ಪೆಟ್ಟಿಗೆ ನೋಡಿ. ಕೈಯಿಂದ ಕೈಗೆ ದಾಟಿಸಿ, ಎಲ್ಲರೂ ಮುಟ್ಟಿ ನೋಡಲಿ. ಅಂಗೈಯಲ್ಲಿ ಕೂರುವಷ್ಟು ಚಿಕ್ಕದು. ಮುಚ್ಚಳ ಇಲ್ಲ. ನಾಲ್ಕು ಹಲಗೆಗಳು ಮೂಲೆಯಲ್ಲಿ ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಕೂತಿವೆ, ಎಲ್ಲೂ ಮೊಳೆ ಕಾಣುವುದಿಲ್ಲ. ಮೂಗಿನ ಹತ್ತಿರ ಹಿಡಿದರೆ ಹಿನೊಕಿ ಮರದ ಘಮ ಬರುತ್ತದೆ. ಜಪಾನಿನವರು ಇದಕ್ಕೆ 'ಮಸು' ಅನ್ನುತ್ತಾರೆ. ಅಕ್ಕಿ ಅಳೆಯುವ ಪೆಟ್ಟಿಗೆ. ನಮ್ಮಲ್ಲಿ ಪಾವು, ಸೇರು ಇದ್ದ ಹಾಗೆ. ನಿಮ್ಮ ಕೈಯಲ್ಲಿರುವುದು ಅವರ ಲೆಕ್ಕದಲ್ಲಿ ಒಂದು 'ಗೊ'. ಸುಮಾರು 180 ಮಿಲಿಲೀಟರ್ ಹಿಡಿಯುತ್ತದೆ, ನಮ್ಮ ಪಾವಿಗಿಂತ ಸ್ವಲ್ಪ ಕಮ್ಮಿ.

ಕೋಟೆ ಬಾಗಿಲಿನ ಬಗ್ಗೆ ಮಾತು ಅಂತ ಕರೆದು ಅಕ್ಕಿ ಅಳೆಯುವ ಪೆಟ್ಟಿಗೆ ಯಾಕೆ ತಂದೆ ಅಂದರೆ, ಜಪಾನಿನ ಕೋಟೆಯ ಹೆಬ್ಬಾಗಿಲಿನ ವಿನ್ಯಾಸಕ್ಕೆ ಇದರದ್ದೇ ಹೆಸರು. 'ಮಸುಗತ'. ಅಂದರೆ ಮಸುವಿನ ಆಕಾರದ್ದು.

ಹೇಗೆ ಅಂತ ನೋಡೋಣ. ಟೋಕಿಯೊ ನಗರದ ನಡುವೆ ಈಗ ಚಕ್ರವರ್ತಿಯ ಅರಮನೆ ಇದೆಯಲ್ಲ, ಅದೇ ಹಿಂದಿನ ಎಡೊ ಕೋಟೆ. ತೊಕುಗಾವ ಶೋಗುನ್‌ಗಳು (ಚಕ್ರವರ್ತಿಯ ಹೆಸರಿನಲ್ಲಿ ಆಳುತ್ತಿದ್ದ ಸೇನಾಧಿಪತಿಗಳು) 1603ರಿಂದ ಎರಡೂವರೆ ಶತಮಾನಕ್ಕೂ ಜಾಸ್ತಿ ಕಾಲ ಅಲ್ಲಿಂದಲೇ ದೇಶ ಆಳಿದರು. ಅದರ ಮುಖ್ಯ ಬಾಗಿಲು ಓತೆಮೊನ್. 'ಮೊನ್' ಅಂದರೆ ಬಾಗಿಲು, 'ಓತೆ' ಅಂದರೆ ಕೋಟೆಯ ಮುಂಭಾಗ. ಈಗಲೂ ಅರಮನೆಯ ಪೂರ್ವದ ತೋಟ ನೋಡಲು ಹೋಗುವವರು ಅಲ್ಲಿಂದ ಒಳಗೆ ಹೋಗಬಹುದು.

ಕಂದಕ ದಾಟಿದ ಕೂಡಲೇ ಮೊದಲ ಬಾಗಿಲು ಸಿಗುತ್ತದೆ. ಅದು ಕೋರೈಮೊನ್ ಅನ್ನುವ ಜಾತಿಯ ಬಾಗಿಲು. ಅಂಥ ದೊಡ್ಡದೇನಲ್ಲ. ಎರಡು ದಪ್ಪ ಕಂಬ, ಮೇಲೆ ಹೆಂಚಿನ ಕಿರಿದಾದ ಮಾಡು, ಹಿಂದಿನ ಆಸರೆ ಕಂಬಗಳಿಗೆ ಒಂದೊಂದು ಪುಟ್ಟ ಮಾಡು. ಮಾಡು ಕಿರಿದಾಗಿರುವುದಕ್ಕೂ ಕಾರಣ ಇದೆ. ದೊಡ್ಡ ಚಾವಣಿ ಇದ್ದರೆ ಒಳಗಿರುವ ಕಾವಲಿನವರಿಗೆ ಅದರ ಅಡಿಯಲ್ಲಿ ನಿಂತವರು ಕಾಣುವುದಿಲ್ಲ. ಅದಕ್ಕೇ ಅದನ್ನು ಒಡೆದು ಚಿಕ್ಕದು ಮಾಡಿದರು.

ಈ ಬಾಗಿಲು ದಾಟಿದರೆ ಕೋಟೆ ಒಳಗೆ ಬಂದೆವು ಅಂದುಕೊಳ್ಳುತ್ತೇವೆ. ಬಂದಿರುವುದಿಲ್ಲ. ಬಂದು ನಿಂತಿರುವುದು ಒಂದು ಖಾಲಿ ಚೌಕದಲ್ಲಿ. ನೆಟ್ಟಗೆ ಮುಂದಕ್ಕೆ ದಾರಿ ಇಲ್ಲ, ಗೋಡೆ ಇದೆ. ಎರಡನೇ ಬಾಗಿಲು ಪಕ್ಕಕ್ಕಿದೆ. ಅದು ಯಗುರಮೊನ್, ಅಂದರೆ ಮೇಲೆ ಉದ್ದನೆಯ ಉಪ್ಪರಿಗೆ ಹೊತ್ತ ಭಾರೀ ಬಾಗಿಲು. ಉಪ್ಪರಿಗೆಯ ಕಿಟಕಿಗಳೆಲ್ಲ ಈ ಚೌಕದ ಕಡೆಗೇ ನೋಡುತ್ತವೆ. ಸುತ್ತ ಕಲ್ಲಿನ ಗೋಡೆ, ಮೇಲೆ ಆಕಾಶ. ಈಗ ನಿಮ್ಮ ಕೈಯಲ್ಲಿರುವ ಪೆಟ್ಟಿಗೆಯ ತಳದಲ್ಲಿ ಒಂದು ಅಕ್ಕಿಕಾಳು ಹಾಕಿ ನೋಡಿ. ಓತೆಮೊನ್ ಚೌಕದಲ್ಲಿ ನಿಂತ ಮನುಷ್ಯ ಅಂದರೆ ಆ ಕಾಳು.

ಯುದ್ಧದ ಲೆಕ್ಕದಲ್ಲಿ ಇದರ ಕೆಲಸ ಸುಲಭವಾಗಿ ಅರ್ಥ ಆಗುತ್ತದೆ. ಶತ್ರು ಮೊದಲ ಬಾಗಿಲು ಒಡೆದು ನುಗ್ಗಿದ ಅಂತ ಇಟ್ಟುಕೊಳ್ಳಿ. ಪಕ್ಕಕ್ಕೆ ತಿರುಗಬೇಕಾದಾಗ ಅವನ ಓಟ ನಿಂತೇಹೋಗುತ್ತದೆ. ಅಷ್ಟರಲ್ಲಿ ಗೋಡೆಗಳ ಮೇಲಿಂದ ಬಾಣ, ಗುಂಡು ಬೀಳುತ್ತವೆ. ಇನ್ನೊಂದು ಉಪಯೋಗವನ್ನೂ ಹೇಳುತ್ತಾರೆ. ತಮ್ಮದೇ ಪಡೆ ಹೊರಗೆ ಹೊರಡುವ ಮುಂಚೆ ಸೈನಿಕರನ್ನು ಇಲ್ಲಿ ತುಂಬಿಸಿ ನಿಲ್ಲಿಸುತ್ತಿದ್ದರಂತೆ. ಚೌಕ ಒಮ್ಮೆ ತುಂಬಿದರೆ ಇಷ್ಟು ಜನ, ಎರಡು ಸಲ ತುಂಬಿದರೆ ಅಷ್ಟು ಜನ. ಅಕ್ಕಿ ಅಳೆದ ಹಾಗೇ ಆಳುಗಳನ್ನು ಅಳೆಯುವುದು.

ಇಲ್ಲಿ ಒಂದು ಮಾತು ಗಮನಿಸಬೇಕು. ಶೋಗುನ್‌ಗಳ ಕಾಲದಲ್ಲಿ ಓತೆಮೊನ್ ಯುದ್ಧವನ್ನೇ ನೋಡಲಿಲ್ಲ. 1615ರಲ್ಲಿ ಒಸಾಕ ಕೋಟೆ ಬಿದ್ದ ಮೇಲೆ, 1638ರಲ್ಲಿ ಶಿಮಬಾರದ ದಂಗೆ ಅಡಗಿದ ಮೇಲೆ, ಎರಡು ಶತಮಾನಕ್ಕೂ ಜಾಸ್ತಿ ಕಾಲ ದೇಶದಲ್ಲಿ ದೊಡ್ಡ ಯುದ್ಧ ಆಗಲಿಲ್ಲ. ಎಡೊ ಕೋಟೆಗೆ ಯಾರೂ ಮುತ್ತಿಗೆ ಹಾಕಲಿಲ್ಲ. 1868ರಲ್ಲಿ ಅದನ್ನು ಬಿಟ್ಟುಕೊಟ್ಟಿದ್ದೂ ಮಾತುಕತೆಯಲ್ಲೇ. ಹಾಗಾದರೆ ಅಷ್ಟು ವರ್ಷ ಈ ಬಾಗಿಲು ಏನು ಮಾಡುತ್ತಿತ್ತು? ದಿನಾ ಬೆಳಗಾದರೆ ಬರುವವರ ಜೊತೆ ಮಾತಾಡುತ್ತಿತ್ತು. ನೀನು ಎಷ್ಟರವನು ಅಂತ ಕೇಳುತ್ತಿತ್ತು. ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇದನ್ನೇ. ಹೊಡೆದಾಟಕ್ಕೆ ಅಂತ ಹುಟ್ಟಿದ ಆಕಾರಗಳು ಹೊಡೆದಾಟ ನಿಂತ ಮೇಲೆ ಭಾಷೆಯಾದವು.

ಬಂದವರು ಯಾರು? ಡೈಮ್ಯೊಗಳು, ಅಂದರೆ ಪ್ರಾಂತ್ಯಗಳ ಒಡೆಯರು. ಅವರ ಅಂತಸ್ತು ಗೊತ್ತಾಗುತ್ತಿದ್ದದ್ದು ಅಕ್ಕಿಯಲ್ಲಿ. ಹತ್ತು ಗೊ ಸೇರಿದರೆ ಒಂದು ಶೋ, ನೂರು ಶೋ ಸೇರಿದರೆ ಒಂದು ಕೊಕು. ಒಂದು ಕೊಕು ಸುಮಾರು 180 ಲೀಟರ್, ಒಬ್ಬ ಮನುಷ್ಯನ ಒಂದು ವರ್ಷದ ಅಕ್ಕಿ ಅಂತ ಲೆಕ್ಕ. ನಿನ್ನ ಸೀಮೆಯಲ್ಲಿ 10,000 ಕೊಕು ಬೆಳೆಯುತ್ತದಾ, ಹಾಗಾದರೆ ನೀನು ಡೈಮ್ಯೊ. ಕಾಗ ಸೀಮೆಯ ಮಾಎದ ಮನೆತನಕ್ಕೆ 10 ಲಕ್ಷ ಕೊಕುಗೂ ಜಾಸ್ತಿ ಇತ್ತು, ಅವರೇ ಎಲ್ಲರಿಗಿಂತ ದೊಡ್ಡವರು. ಅಳತೆ ಅಂದರೆ ಆ ಸರ್ಕಾರಕ್ಕೆ ಎಷ್ಟು ಮುಖ್ಯ ಅಂದರೆ, 1669ರಲ್ಲಿ ದೇಶಕ್ಕೆಲ್ಲ ಒಂದೇ ಗಾತ್ರದ ಮಸು ಇರಬೇಕು ಅಂತ ಆಜ್ಞೆ ಹೊರಡಿಸಿದರು.

ಈಗ ಯೋಚನೆ ಮಾಡಿ. ಅಕ್ಕಿಯಲ್ಲಿ ತೂಗುವ ಒಡೆಯ, ಅಕ್ಕಿ ಅಳೆಯುವ ಪೆಟ್ಟಿಗೆಯ ಹೆಸರಿನ ಚೌಕದೊಳಗೆ ಬಂದು ನಿಲ್ಲುತ್ತಾನೆ. ಕಟ್ಟಿದವರು ಇದನ್ನು ಯೋಚಿಸಿಯೇ ಹೆಸರಿಟ್ಟರು ಅಂತ ನಾನು ಹೇಳುತ್ತಿಲ್ಲ. ಆಕಾರ ಹಾಗಿತ್ತು, ಹೆಸರು ಬಂತು. ಆದರೆ ದಿನಾ ಮಸು ಕೈಯಲ್ಲಿ ಹಿಡಿಯುವ ಜನರಿಗೆ ಆ ಹೆಸರು ಸುಮ್ನೆ ಒಂದು ಹೆಸರಾಗಿ ಕೇಳಿಸಿರಲು ಸಾಧ್ಯವಿಲ್ಲ ಅಂತ ನನ್ನ ನಂಬಿಕೆ.

ಅಳತೆ ಚೌಕದಲ್ಲೇ ಮುಗಿಯುತ್ತಿರಲಿಲ್ಲ. ಓತೆಮೊನ್ ಹೊರಗೆ 'ಗೆಬ' ಅಂತ ಬರೆದ ಫಲಕ ಇರುತ್ತಿತ್ತು. ಕುದುರೆಯಿಂದ ಇಳಿ ಅಂತ ಅರ್ಥ. ಒಡೆಯನ ಜೊತೆ ಬಂದ ಹೆಚ್ಚಿನವರು ಅಲ್ಲೇ ನಿಲ್ಲಬೇಕು. ಕೆಲವೇ ಜನರ ಜೊತೆ ಒಡೆಯ ಪಲ್ಲಕ್ಕಿಯಲ್ಲಿ ಮುಂದೆ ಹೋಗುತ್ತಾನೆ. ಮುಂದಿನ ಬಾಗಿಲ ಹತ್ತಿರ ಪಲ್ಲಕ್ಕಿಯಿಂದಲೂ ಇಳಿಯಬೇಕು. ಅಲ್ಲಿ ಇಳಿಯದೆ ಮುಂದೆ ಹೋಗುವ ಹಕ್ಕು ಇದ್ದದ್ದು ತೊಕುಗಾವ ವಂಶದ್ದೇ ಮೂರು ಕವಲುಗಳಿಗೆ: ಓವಾರಿ, ಕಿಇ, ಮಿತೊ. ಅವರೂ ಕೂಡ ಅದರಾಚೆಯ ನಡುಬಾಗಿಲಿನಲ್ಲಿ ಇಳಿದು ನಡೆಯಲೇಬೇಕು. ಆ ದಾರಿಯಲ್ಲಿ 'ನೂರು ಜನರ ಕಾವಲು ಮನೆ' ಅಂತ ಒಂದು ಕಟ್ಟಡ ಇವತ್ತಿಗೂ ಇದೆ. 50 ಮೀಟರಿಗೂ ಉದ್ದ. ಇಗ, ಕೋಗದಂಥ ಕಡೆಯಿಂದ ಬಂದ ನಾಲ್ಕು ಪಡೆಗಳು ಸರದಿಯ ಮೇಲೆ ಅಲ್ಲಿ ಹಗಲು ರಾತ್ರಿ ಕೂತಿರುತ್ತಿದ್ದವು. ಒಂದೊಂದು ಬಾಗಿಲು ದಾಟಿದ ಹಾಗೂ ಒಡೆಯನ ಮೈಮೇಲಿನ ದೊಡ್ಡತನ ಒಂದೊಂದು ಪದರ ಕಳಚುತ್ತದೆ. ಮೊದಲು ಆಳುಗಳು ಹೋದರು, ಆಮೇಲೆ ಪಲ್ಲಕ್ಕಿ ಹೋಯಿತು. ಶೋಗುನ್ ಮನೆ ಹತ್ತಿರ ಆಗುವ ಹೊತ್ತಿಗೆ ಅವನು ಬರೀ ಕಾಲ ಮೇಲೆ ನಡೆಯುವ ಒಬ್ಬ ಮನುಷ್ಯ.

ಇತ್ತ ಹೊರಗೆ ಉಳಿದ ಆಳುಗಳು ಗಂಟೆಗಟ್ಟಲೆ ಏನು ಮಾಡುತ್ತಾರೆ ಹೇಳಿ? ಮಾತಾಡುತ್ತಾರೆ. ಯಾರಿಗೆ ಯಾವ ಹುದ್ದೆ ಸಿಗುತ್ತದೆ, ಯಾರ ಕೈ ಮೇಲಾಗಿದೆ, ಯಾರು ಇನ್ನೇನು ಬೀಳುತ್ತಾರೆ. 'ಗೆಬಹ್ಯೋ' ಅನ್ನುವ ಮಾತು ಹುಟ್ಟಿದ್ದು ಅಲ್ಲಿ. ಕುದುರೆ ಇಳಿಯುವ ಜಾಗದ ಹರಟೆ ಅಂತ. ಇವತ್ತಿಗೂ ಚುನಾವಣೆಗೆ ಮುಂಚೆ ಯಾರು ಗೆಲ್ಲಬಹುದು ಅಂತ ಜನ ಆಡಿಕೊಳ್ಳುವುದಕ್ಕೆ ಜಪಾನಿನ ಪತ್ರಿಕೆಗಳು ಇದೇ ಶಬ್ದ ಬಳಸುತ್ತವೆ. 'ಓತೆ' ಅನ್ನುವುದೂ ಅಷ್ಟೇ. ಈಗ ಅದಕ್ಕೆ ದೊಡ್ಡ ಕಂಪನಿ ಅನ್ನುವ ಅರ್ಥ ಬಂದಿದೆ. ಕೋಟೆಯ ಹಿಂಬಾಗಿಲಿಗೆ 'ಕರಮೆತೆ' ಅನ್ನುತ್ತಿದ್ದರು, ಈಗ ಸುತ್ತು ಬಳಸಿ ಕೆಲಸ ಸಾಧಿಸುವುದಕ್ಕೆ ಆ ಮಾತು.

ಸರಿ, ಈಗ ತಲೆ ಎತ್ತಿ ಮಾಡಿನ ಕಡೆ ನೋಡೋಣ. ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ ಇದು.

ಯಗುರಮೊನ್ ಮಾಡಿನ ಎರಡು ತುದಿಯಲ್ಲೂ ಒಂದೊಂದು ಪ್ರಾಣಿ ಇರುತ್ತದೆ. ತಲೆ ಹುಲಿಯದ್ದು, ಮೈ ಮೀನಿನದು, ಬೆನ್ನ ಮೇಲೆ ಮುಳ್ಳಿನ ಸಾಲು, ಬಾಲ ಆಕಾಶಕ್ಕೆ. ಹೆಸರು ಶಚಿಹೊಕೊ. ಬೆಂಕಿ ಬಿದ್ದರೆ ಇದು ಬಾಯಿಂದ ನೀರು ಉಗುಳಿ ಆರಿಸುತ್ತದೆ ಅಂತ ನಂಬಿಕೆ. ನಾಗೊಯ ಕೋಟೆಯ ಬಂಗಾರದ ಜೋಡಿಯ ಬಗ್ಗೆ ಕೆಲವರು ಕೇಳಿರಬಹುದು. ಅಲ್ಲಿ ಉತ್ತರದ್ದು ಗಂಡು, ದಕ್ಷಿಣದ್ದು ಹೆಣ್ಣು ಅಂತಲೂ ಹೇಳುತ್ತಾರೆ.

ಒಮ್ಮೆ ಇದು ಕಣ್ಣಿಗೆ ಬಿದ್ದ ಮೇಲೆ ಬಾಗಿಲ ಮೇಲೆಲ್ಲ ನೀರೇ ಕಾಣತೊಡಗುತ್ತದೆ. ಮಾಡಿನ ಮುಂಗೋಣದ, ಅಂದರೆ ಎರಡು ಇಳಿಜಾರು ಕೂಡುವ ಮುಂಭಾಗದ, ತುದಿಯಿಂದ ಕೆಳಗೆ ಇಳಿಬಿಟ್ಟ ಮರದ ಕೆತ್ತನೆ ಇದೆಯಲ್ಲ, ಅದಕ್ಕೆ ಬಡಗಿಗಳು ಇಟ್ಟ ಹೆಸರು 'ಗೆಗ್ಯೊ'. ಅಂದರೆ ನೇತುಹಾಕಿದ ಮೀನು. ಈಗ ನೋಡಿದರೆ ಮೀನಿನ ಹಾಗೆ ಏನೂ ಕಾಣುವುದಿಲ್ಲ, ಹೆಸರು ಮಾತ್ರ ಉಳಿದಿದೆ. ಸಾಲು ಹೆಂಚುಗಳ ದುಂಡು ಮುಖದಲ್ಲಿ ಮೂರು ಬಾಲದ ಸುಳಿ ಇರುತ್ತದೆ, 'ತೊಮೊಯೆ'. ಅದನ್ನೂ ನೀರಿನ ಸುಳಿ ಅಂತಲೇ ಓದುತ್ತಾರೆ. ಮೀನು, ಸುಳಿ, ಮತ್ತೆ ಮೀನು. ಮಾಡು ಅನ್ನುವುದು ಒಂದು ಕೆರೆ ಆಯಿತು, ನಾವು ಅದರ ಅಡಿಯಲ್ಲಿ ನಿಂತಿದ್ದೇವೆ.

ಯಾಕೆ ಇಷ್ಟೊಂದು ನೀರು? ಎಲ್ಲ ಮರದ್ದು, ಅದಕ್ಕೆ. ಕಲ್ಲಿನ ಬುಡ ಬಿಟ್ಟರೆ ಕಂಬ, ತೊಲೆ, ಕದ ಎಲ್ಲವೂ ಮರ. ಕೋಟೆಗೆ ನಿಜವಾದ ಶತ್ರು ಕತ್ತಿ ಹಿಡಿದು ಬರುತ್ತಿರಲಿಲ್ಲ. 1657ರ ಮಾರ್ಚ್‌ನಲ್ಲಿ ಎಡೊ ನಗರಕ್ಕೆ ಬೆಂಕಿ ಬಿತ್ತು. ಅರ್ಧಕ್ಕಿಂತ ಜಾಸ್ತಿ ನಗರ ಸುಟ್ಟುಹೋಯಿತು. ಸತ್ತವರು ಒಂದು ಲಕ್ಷದವರೆಗೂ ಇರಬಹುದು ಅಂತ ಹೇಳುತ್ತಾರೆ. ಕೋಟೆಯ ನಡುವಿನ ಎತ್ತರದ ಗೋಪುರವೂ ಸುಟ್ಟಿತು. ಹೊಸದು ಕಟ್ಟಲು ಬುಡ ಎದ್ದಿತು, ಆದರೆ ಶೋಗುನ್‌ನ ಚಿಕ್ಕಪ್ಪ ಹೊಶಿನ ಮಸಯುಕಿ ತಡೆದ. ಆ ದುಡ್ಡು ಮೊದಲು ಊರಿಗೆ ಬೇಕು ಅಂದ. ಗೋಪುರ ಮತ್ತೆ ಮೇಲೇಳಲಿಲ್ಲ. ಇವತ್ತು ಹೋದರೆ ಬರೀ ಕಲ್ಲಿನ ಕಟ್ಟೆ ಸಿಗುತ್ತದೆ.

ಓತೆಮೊನ್ ಚೌಕದ ಒಂದು ಪಕ್ಕದಲ್ಲಿ ಒಂದು ಹಳೇ ಶಚಿಹೊಕೊ ನೆಲದ ಮೇಲೆ ಇಟ್ಟಿದ್ದಾರೆ. ಹತ್ತಿರ ಹೋಗಿ ನೋಡಬಹುದು. ಮಾಡಿನ ಮೇಲೆ ಇದ್ದಾಗ ಚಿಕ್ಕದಾಗಿ ಕಾಣುವ ಪ್ರಾಣಿ, ಎದುರಿಗೆ ನಿಂತರೆ ಅದರ ಮುಖವೇ ದೊಡ್ಡದು. ಅಗಲಿಸಿದ ಬಾಯಿ, ಉಬ್ಬಿದ ಕಣ್ಣು, ಒಂದರ ಮೇಲೊಂದು ಕೂತ ಪೊರೆಗಳು. ಅದರ ತಲೆಯ ಮೇಲೆ ಒಂದು ಇಸವಿ ಕೆತ್ತಿದೆ. ಮೆಯ್‌ರೆಕಿ ಮೂರನೇ ವರ್ಷ, ನಮ್ಮ ಲೆಕ್ಕದಲ್ಲಿ 1657. ಅಂದರೆ ಆ ದೊಡ್ಡ ಬೆಂಕಿ ಆದ ವರ್ಷವೇ, ಸುಟ್ಟ ಬಾಗಿಲಿಗೆ ಹೊಸ ಬಾಗಿಲು ಕಟ್ಟುವಾಗ ಮಾಡಿದ್ದಿರಬೇಕು. ಕಣ್ಣೆದುರೇ ನಗರ ಬೂದಿಯಾಗಿದೆ, ಆ ಬೂದಿ ಆರುವ ಮೊದಲೇ ಯಾರೋ ಕುಶಲಕರ್ಮಿ ಕೂತು ಈ ಮೀನಿನ ಪೊರೆ ತಿದ್ದಿದ್ದಾನೆ. ಅವನು ಅದನ್ನು ಅಲಂಕಾರ ಅಂದುಕೊಂಡು ಮಾಡಿರಲಾರ. ಅದು ಮಾಡಿನ ಮೇಲಿತ್ತು. 1945ರ ಏಪ್ರಿಲ್‌ನಲ್ಲಿ ವಿಮಾನ ದಾಳಿಯಲ್ಲಿ ಯಗುರಮೊನ್ ಸುಟ್ಟಿತು. ಮೀನು ಉಳಿಯಿತು. ಈಗಿರುವ ಯಗುರಮೊನ್ 1967ರಲ್ಲಿ ಮತ್ತೆ ಕಟ್ಟಿದ್ದು. ಅದಕ್ಕೆ ಬೇರೆ ಮೀನುಗಳಿವೆ. ಹಳೆಯದು ಕೆಳಗೆ ಕೂತು ಬಂದುಹೋಗುವವರನ್ನು ನೋಡುತ್ತದೆ.

ಮಾಡಿನ ವಿಷಯ ಬಂತು ಅಂತ ಇನ್ನೊಂದು ಹೇಳಿ ಮುಂದೆ ಹೋಗುತ್ತೇನೆ. ಕನಜಾವ ಊರಿನ ಇಶಿಕಾವ ಬಾಗಿಲು 1788ರದ್ದು. ಅದೇ 10 ಲಕ್ಷ ಕೊಕುವಿನ ಮಾಎದ ಮನೆತನದ ಕೋಟೆ. ಅಲ್ಲಿ ಹೆಂಚಿನ ಆಕಾರದ ಮರದ ಮೇಲೆ ಸೀಸದ ತಗಡು ಹೊದಿಸಿದ್ದಾರೆ. ಗಾಳಿ ಮಳೆಗೆ ಸೀಸ ಬೆಳ್ಳಗಾಗಿ, ಬಿಸಿಲಲ್ಲೂ ಹಿಮ ಬಿದ್ದ ಹಾಗೆ ಕಾಣುತ್ತದೆ. ಕಷ್ಟಕಾಲ ಬಂದರೆ ಕರಗಿಸಿ ಬಂದೂಕಿನ ಗುಂಡು ಮಾಡಲಿಕ್ಕೆ ಅಂತ ಊರವರು ಕತೆ ಹೇಳುತ್ತಾರೆ.

ಇನ್ನು ಕಲ್ಲುಗಳು. ಒಸಾಕ ಕೋಟೆಯ ಸಕುರ ಬಾಗಿಲು ದಾಟಿದರೆ ಚೌಕದಲ್ಲಿ ಎದುರಿಗೇ ಒಂದು ಕಲ್ಲು ನಿಂತಿದೆ. ಗೋಡೆಯಲ್ಲಿ ಕಲ್ಲಿದೆ ಅನ್ನುವುದಕ್ಕಿಂತ ಕಲ್ಲೇ ಗೋಡೆ ಅನ್ನಬೇಕು. ಅದರ ಮುಖದ ವಿಸ್ತಾರ ಸುಮಾರು 59 ಚದರ ಮೀಟರ್. ಎರಡು ಕೋಣೆಯ ಮನೆಯ ನೆಲದಷ್ಟು. ತೂಕ 108 ಟನ್ ಇರಬಹುದು ಅಂತ ಅಂದಾಜು. ಎಡಗಡೆ ಕೆಳಗೆ ಕಬ್ಬಿಣದಂಶದ ಕಂದು ಕಲೆಯೊಂದು ಆಕ್ಟೋಪಸ್ ಆಕಾರದಲ್ಲಿದೆ, ಅದಕ್ಕೆ ಜನ 'ತಕೊ ಇಶಿ' ಅಂದರು, ಆಕ್ಟೋಪಸ್ ಕಲ್ಲು. ಬಿಜೆನ್ ಸೀಮೆಯಿಂದ, ಅಂದರೆ ಈಗಿನ ಒಕಾಯಾಮದ ಕಡೆಯಿಂದ, ಸಮುದ್ರದ ಮೇಲೆ ಸಾಗಿಸಿ ತಂದದ್ದು. ಬಾಗಿಲ ಬಳಿ ಇಡುವ ಇಂಥ ದೊಡ್ಡ ಕಲ್ಲುಗಳಿಗೆ 'ಕಗಮಿ ಇಶಿ' ಅನ್ನುತ್ತಾರೆ. ಕನ್ನಡಿ ಕಲ್ಲು. ಜಪಾನಿನಲ್ಲಿ ಕನ್ನಡಿ ದೇವರ ವಸ್ತು. ಕೆಟ್ಟದ್ದನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತದೆ.

ಈ ಕನ್ನಡಿಯ ದಪ್ಪ ಎಷ್ಟು ಗೊತ್ತಾ? ಒಂದು ಮೀಟರಿಗೂ ಕಮ್ಮಿ ಅಂತ ಅಂದಾಜು. ಮುಖ ಅಷ್ಟು ದೊಡ್ಡದು, ಹಿಂದೆ ತೆಳ್ಳಗೆ. ಗೋಡೆ ಗಟ್ಟಿ ಆಗಬೇಕು ಅಂದರೆ ಕಲ್ಲಿನ ಉದ್ದನೆಯ ಭಾಗ ಒಳಕ್ಕೆ ಹೋಗಬೇಕು, ಯಾವ ಗಾರೆ ಕೆಲಸದವರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ. ಇಲ್ಲಿ ಬೇಕೆಂದೇ ಉಲ್ಟಾ ಮಾಡಿದ್ದಾರೆ. ಯಾಕೆಂದರೆ ಇದು ಬಂದವರ ಕಣ್ಣಿಗೆ ಅಂತ ಇಟ್ಟ ಕಲ್ಲು. ಒಸಾಕ ತೊಯೊತೊಮಿ ಮನೆತನದ ಊರು. 1615ರಲ್ಲಿ ಅವರನ್ನು ಮುಗಿಸಿದ ತೊಕುಗಾವರು, ಅವರ ಕೋಟೆಯನ್ನು ಮಣ್ಣಿನಡಿ ಹೂತು, 1620ರಿಂದ ಅದರ ಮೇಲೆ ಹೊಸ ಕೋಟೆ ಎಬ್ಬಿಸಿದರು. ಕಲ್ಲು ಹೊರುವ ಕೆಲಸವನ್ನು ಡೈಮ್ಯೊಗಳಿಗೇ ಹಂಚಿದರು. ಹಳೇ ಒಡೆಯರ ಮೇಲೆ ಪ್ರೀತಿ ಇದ್ದ ಊರಿನ ಜನ ಬಾಗಿಲ ಹತ್ತಿರ ಬಂದರೆ ಮೊದಲು ಈ ಕಲ್ಲು ನೋಡಬೇಕಿತ್ತು.

ಮತ್ಸುಮೊತೊ ಕೋಟೆಯ ನಗಾರಿ ಬಾಗಿಲ ಪಕ್ಕದಲ್ಲೂ ಒಂದು ಕಲ್ಲಿದೆ. 22.5 ಟನ್, ಕೋಟೆಯಲ್ಲೇ ದೊಡ್ಡದು. ಹೆಸರು ಗೆನ್ಬ ಕಲ್ಲು. ಅದನ್ನು ಎಳೆದು ತರಿಸಿದ ಒಡೆಯ ಇಶಿಕಾವ ಯಸುನಗನ ಪದವಿಯ ಹೆಸರು ಗೆನ್ಬ. ಊರಿನ ಕತೆ ಹೀಗಿದೆ. ಕಲ್ಲು ಎಳೆಯುತ್ತಿದ್ದ ಕೂಲಿಯೊಬ್ಬ ಇದು ನಮ್ಮ ಕೈಲಾಗದು ಅಂತ ಗೊಣಗಿದ. ಒಡೆಯ ಅವನ ತಲೆ ಕಡಿಸಿ ಭರ್ಜಿಗೆ ಸಿಕ್ಕಿಸಿ, ಕಲ್ಲಿನ ಮೇಲೆ ಹತ್ತಿ ನಿಂತು, ಎಳೀರಿ ಅಂದ. ಕತೆಯಲ್ಲಿ ಗೆನ್ಬನ ಹೆಸರಿದೆ, ಕಲ್ಲಿಗೂ ಅವನದ್ದೇ ಹೆಸರು. ಕೂಲಿಯ ಹೆಸರಿಲ್ಲ. ಈ ಬಾಗಿಲುಗಳ ಅಂದ ಹೊಗಳುವಾಗೆಲ್ಲ ನನಗೆ ಆ ಹೆಸರಿಲ್ಲದ ಮನುಷ್ಯ ನೆನಪಾಗುತ್ತಾನೆ. ಅವನನ್ನು ಬಿಟ್ಟು ಕನ್ನಡಿ ಕಲ್ಲಿನ ಬಗ್ಗೆ ಮಾತಾಡಲು ನನಗೆ ಮನಸ್ಸಾಗುವುದಿಲ್ಲ.

ಮನುಷ್ಯರನ್ನು ಹೆದರಿಸಿದ್ದು ಆಯಿತು. ಮನುಷ್ಯರಲ್ಲದವರನ್ನು ಏನು ಮಾಡುವುದು? ಜಪಾನಿನಲ್ಲಿ ಈಶಾನ್ಯ ದಿಕ್ಕಿಗೆ 'ಕಿಮೊನ್' ಅನ್ನುತ್ತಾರೆ, ಭೂತಗಳ ಬಾಗಿಲು. ಚೀನಾದಿಂದ ಬಂದ ನಂಬಿಕೆ ಅದು. ನಮ್ಮ ವಾಸ್ತುವಿನಲ್ಲಿ ದೇವರ ಮನೆ ಇಡುವ ಮೂಲೆ, ಅಲ್ಲಿ ಕೆಡುಕು ನುಗ್ಗುವ ಮೂಲೆ. ಹಳೇ ಕಾಲದಲ್ಲಿ ಪ್ರಾಣಿಗಳ ಹೆಸರಲ್ಲಿ ದಿಕ್ಕು ಹೇಳುತ್ತಿದ್ದರು. ಈಶಾನ್ಯ ಅಂದರೆ ಎತ್ತು ಮತ್ತು ಹುಲಿಯ ನಡುವಿನ ದಿಕ್ಕು. ಜಪಾನಿನ ಭೂತ 'ಓನಿ'ಗೆ ಎತ್ತಿನ ಕೊಂಬು, ಸೊಂಟಕ್ಕೆ ಹುಲಿ ಚರ್ಮ ಇರುವುದು ಇದರಿಂದಲೇ ಅನ್ನುತ್ತಾರೆ. ಕೋಟೆ ಕಟ್ಟುವವರು ಕೆಲವು ಕಡೆ ಈಶಾನ್ಯದ ಮೂಲೆಯನ್ನೇ ಒಳಕ್ಕೆ ಮಡಚಿಬಿಟ್ಟರು. ಕಗೊಶಿಮದ ಕೋಟೆಯಲ್ಲಿ ಗೋಡೆಯ ಆ ಮೂಲೆ ಇವತ್ತಿಗೂ ಒಳಸರಿದೇ ಇದೆ. ಮೂಲೆಯೇ ಇಲ್ಲದಿದ್ದರೆ ಭೂತ ಎಲ್ಲಿಂದ ಬರುತ್ತದೆ, ಅಲ್ವಾ? ಎಡೊದಲ್ಲಿ ತೆಂಕಾಯ್ ಅನ್ನುವ ಬೌದ್ಧ ಗುರು ಕೋಟೆಯ ಈಶಾನ್ಯಕ್ಕೆ 1625ರಲ್ಲಿ ಕನ್‌ಎಯ್‌ಜಿ ಅನ್ನುವ ದೇವಾಲಯವನ್ನೇ ಕಾವಲಿಗೆ ನಿಲ್ಲಿಸಿದ.

ಹೊರಗಿನದು ಒಳಗೆ ಬರಬಾರದು ಅನ್ನುವ ಹಾಗೇ ಒಳಗಿನ ಮೈಲಿಗೆ ಹೊರಗೆ ಹೋಗಬೇಕಲ್ಲ. ಎಡೊ ಕೋಟೆಯ ಹಿರಕಾವ ಬಾಗಿಲಿಗೆ ಅಂಟಿಕೊಂಡು ಒಂದು ಚಿಕ್ಕ ಬಾಗಿಲಿದೆ. ಅದಕ್ಕೆ 'ಫುಜೋಮೊನ್' ಅಂತ ಹೆಸರು, ಮೈಲಿಗೆಯ ಬಾಗಿಲು. ಕೋಟೆಯೊಳಗೆ ಸತ್ತವರ ಹೆಣ, ತಪ್ಪು ಮಾಡಿದವರು, ಹೊರಗೆ ಹೋಗುತ್ತಿದ್ದದ್ದು ಅದರಿಂದ. 1701ರಲ್ಲಿ ಕೋಟೆಯೊಳಗೆ ಕತ್ತಿ ಎಳೆದ ಅಸಾನೊ ನಗನೊರಿ ಅನ್ನುವ ಒಡೆಯನನ್ನು ಅಲ್ಲಿಂದಲೇ ಸಾಗಿಸಿದರು ಅಂತ ಹೇಳಿಕೆ ಇದೆ. ಅವನ ಪರವಾಗಿ ಸೇಡು ತೀರಿಸಿದ 47 ಸಮುರಾಯ್‌ಗಳ ಕತೆ ನಿಮಗೆ ಗೊತ್ತಿರಬಹುದು. ಗೌರವದಲ್ಲಿ ಒಳಗೆ ಬಂದ ಒಡೆಯ ಸಂಜೆ ಮೈಲಿಗೆಯ ಬಾಗಿಲಿಂದ ಆಚೆ ಹೋದ. ಅವನಿಗೆ ಏನಾಯಿತು ಅಂತ ಊರಿಗೆ ತಿಳಿಯಲು ಆ ಬಾಗಿಲಿನ ಹೆಸರೇ ಸಾಕಾಗಿತ್ತು.

ನಿಮ್ಮ ಕೈಯಲ್ಲಿರುವ ಪೆಟ್ಟಿಗೆಗೂ ಭೂತಕ್ಕೂ ನಂಟಿದೆ. ಫೆಬ್ರವರಿ ಮೊದಲ ವಾರದಲ್ಲಿ ಸೆತ್ಸುಬುನ್ ಹಬ್ಬ ಬರುತ್ತದೆ. ಹುರಿದ ಸೋಯಾ ಕಾಳನ್ನು ಮಸುವಿನಲ್ಲಿ ತುಂಬಿಕೊಂಡು ಮನೆ ಬಾಗಿಲಲ್ಲಿ ನಿಂತು ಎರಚುತ್ತಾರೆ. ಭೂತ ಹೊರಗೆ, ಭಾಗ್ಯ ಒಳಗೆ ಅಂತ ಕೂಗುತ್ತಾರೆ. ಮಸು ಅನ್ನುವ ಉಚ್ಚಾರಕ್ಕೆ ಹೆಚ್ಚಾಗಲಿ ಅನ್ನುವ ಅರ್ಥವೂ ಬರುತ್ತದೆ. ಅದಕ್ಕೇ ಅದು ಶುಭದ ಪೆಟ್ಟಿಗೆ.

ಈಗ ನಮಗೆ ಹತ್ತಿರದ ಒಂದು ವಿಷಯ. ಕೋಟೆ ಗೋಡೆ ಮೇಲೆ, ಬಾಗಿಲ ಮೇಲೆ ಉದ್ದಕ್ಕೆ ಹಬ್ಬಿದ ಕಟ್ಟಡಕ್ಕೆ 'ತಮೊನ್ ಯಗುರ' ಅನ್ನುತ್ತಾರೆ. ಒಸಾಕದ ಓತೆ ಬಾಗಿಲ ಮೇಲೆ ಇರುವುದು ಇಂಥದ್ದೇ, 1848ರದ್ದು. ಈ ಹೆಸರು ಬಂದದ್ದು ನಾರಾ ಊರಿನಲ್ಲಿ 1560ರ ಸುಮಾರಿಗೆ ಮತ್ಸುನಗ ಹಿಸಹಿದೆ ಕಟ್ಟಿದ ತಮೊನ್ ಕೋಟೆಯಿಂದ ಅನ್ನುತ್ತಾರೆ. ಅಲ್ಲಿಗೆ ಆ ಹೆಸರು ಬಂದದ್ದು ತಮೊನ್‌ತೆನ್ ಅನ್ನುವ ದೇವರಿಂದ. ತಮೊನ್‌ತೆನ್ ಯಾರು? ನಮ್ಮ ವೈಶ್ರವಣ. ವಿಶ್ರವಸ್ಸಿನ ಮಗ, ರಾವಣನ ಅಣ್ಣ, ಉತ್ತರ ದಿಕ್ಕಿನ ಒಡೆಯ ಕುಬೇರ. ಬೌದ್ಧ ಧರ್ಮದ ಜೊತೆ ಅವನು ಮಧ್ಯ ಏಷ್ಯಾ, ಚೀನಾ ದಾಟಿ ಜಪಾನಿಗೆ ಹೋದ. ಇಲ್ಲಿಂದ ಹೊರಡುವಾಗ ಡೊಳ್ಳು ಹೊಟ್ಟೆಯ ಧನದ ದೇವರು, ಅಲ್ಲಿ ಮುಟ್ಟುವಾಗ ಕವಚ ತೊಟ್ಟು ಆಯುಧ ಹಿಡಿದ ಯೋಧ. ಉಎಸುಗಿ ಕೆನ್ಶಿನ್ ಅನ್ನುವ ಸೇನಾನಿಯ ಬಾವುಟದ ಮೇಲೆ ಇದ್ದದ್ದೂ ಇವನ ಇನ್ನೊಂದು ಹೆಸರಾದ ಬಿಶಮೊನ್‌ತೆನ್‌ನ ಮೊದಲ ಅಕ್ಷರವೇ.

ಚೀನಾದ ಅನುವಾದಕರು ಅವನ ಹೆಸರನ್ನು ಒಡೆದು ನೋಡಿದರು. ಅದರಲ್ಲಿ 'ಶ್ರು' ಇದೆ, ಕೇಳು ಅಂತ. ಹಾಗಾಗಿ 'ಬಹಳ ಕೇಳಿಸಿಕೊಂಡವನು' ಅಂತ ಮಾಡಿದರು. ತಮೊನ್ ಅಂದರೆ ಅದೇ. ತ ಅಂದರೆ ಬಹಳ, ಮೊನ್ ಅಂದರೆ ಕೇಳುವುದು. ಬಾಗಿಲಿನ ಮೊನ್ ಬೇರೆ, ಕೇಳುವ ಮೊನ್ ಬೇರೆ, ಎರಡಕ್ಕೂ ಬರೆಯುವ ಚಿಹ್ನೆ ಬೇರೆ. ಆದರೆ ಆ ಎರಡನೇ ಚಿಹ್ನೆಯನ್ನು ಅವತ್ತು ಗೋಡೆ ಮೇಲೆ ದೊಡ್ಡದಾಗಿ ತೋರಿಸಿದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ತಾನೇ ಕಂಡುಹಿಡಿದಳು. ಎರಡು ಕದದ ಬಾಗಿಲಿನ ಚಿತ್ರ, ಅದರ ನಡುವೆ ಕಿವಿಯ ಚಿತ್ರ. ಬಾಗಿಲಿಗೆ ಕಿವಿ ಇದೆ ಅಂದಳು. ನಾನು ಒಂದು ಗಂಟೆಯಿಂದ ಹೇಳಲು ಒದ್ದಾಡುತ್ತಿದ್ದದ್ದು ಅವಳ ಆ ಮೂರು ಮಾತಿನಲ್ಲಿತ್ತು.

ಕೊನೆಗೆ ಕ್ಯೋತೊ ನಗರದ ನಿಜೋ ಕೋಟೆಗೆ ಹೋಗೋಣ. ಇದು ಯುದ್ಧದ ಕೋಟೆಯೇ ಅಲ್ಲ. ಚಕ್ರವರ್ತಿಯ ಊರಿನಲ್ಲಿ ಶೋಗುನ್ ಇಳಿದುಕೊಳ್ಳಲು 1603ರಲ್ಲಿ ಕಟ್ಟಿಸಿಕೊಂಡ ಬಿಡದಿ. ಹಾಗಾಗಿ ಇಲ್ಲಿನ ಬಾಗಿಲುಗಳು ಮಾತಾಡುವುದು ಜಾಸ್ತಿ. 1626ರಲ್ಲಿ ಚಕ್ರವರ್ತಿ ಗೊಮಿಜುನೊಒ ಈ ಕೋಟೆಗೆ ಬಂದರು. ಶೋಗುನ್ ಮನೆಯ ಮಗಳನ್ನೇ ಅವರು ಮದುವೆಯಾಗಿದ್ದರು, ಆದ್ದರಿಂದ ಬೀಗರ ಮನೆಗೆ ಬಂದ ಹಾಗೂ ಆಯಿತು. ಪೂರ್ವದ ಹೆಬ್ಬಾಗಿಲಿಗೆ ಉಪ್ಪರಿಗೆ ಇದ್ದರೆ ಮೇಲಿನಿಂದ ಯಾರಾದರೂ ಚಕ್ರವರ್ತಿಯನ್ನು ಕೆಳಗೆ ನೋಡಿದಂತೆ ಆಗುತ್ತದಲ್ಲ. ಅದಕ್ಕೆ ಆ ಸಮಯಕ್ಕೆ ಬಾಗಿಲನ್ನು ಒಂದೇ ಅಂತಸ್ತಿನದು ಮಾಡಿದ್ದರಂತೆ. ಈಗಿರುವ ಉಪ್ಪರಿಗೆಯ ಬಾಗಿಲು 1662ರ ಸುಮಾರಿನದು. ದೇಶದಲ್ಲೇ ಬಲಶಾಲಿಯಾದ ಮನೆತನ, ಒಬ್ಬ ಅತಿಥಿಗಾಗಿ ತನ್ನ ಬಾಗಿಲಿನ ತಲೆ ತಗ್ಗಿಸಿತು.

ಒಳಗೆ ಇನ್ನೊಂದು ಬಾಗಿಲಿದೆ, ಕರಮೊನ್. ಅರಮನೆಗೆ ಹೋಗುವ ದಾರಿಯಲ್ಲಿ. ಅದರ ಮುಂಗೋಣ ಬಿಲ್ಲಿನ ಹಾಗೆ ಬಾಗಿದೆ, ಈ ಆಕಾರ ಇದ್ದರೆ ಅದು ದೊಡ್ಡವರ ಬಾಗಿಲು ಅಂತ ಅಲ್ಲಿನ ಜನಕ್ಕೆ ಗೊತ್ತು. ಕೆಳಗೆಲ್ಲ ಬಣ್ಣದ ಕೆತ್ತನೆ. ಕೊಕ್ಕರೆ, ಪೈನ್, ಬಿದಿರು, ಪ್ಲಮ್ ಹೂವು, ಚಿಟ್ಟೆ, ಸಿಂಹ. ಆಯಸ್ಸು, ಬಾಳಿಕೆ, ಕಾವಲು ಎಲ್ಲ ಒಂದೇ ಮಾಡಿನಡಿ ತುಂಬಿವೆ. ಮರದ ತುದಿಗಳಿಗೆ ಬಂಗಾರದ ಲೇಪದ ತಗಡು, ಅದರ ಮೇಲೆ ಸೇವಂತಿಗೆ ಹೂವಿನ ಚಿಹ್ನೆ. ಸೇವಂತಿಗೆ ಚಕ್ರವರ್ತಿಯ ಗುರುತು. ಶೋಗುನ್ ಬಾಗಿಲಿಗೆ ಅದು ಯಾಕೆ ಬಂತು ಅಂದರೆ, ಕೊನೆಯ ಶೋಗುನ್ ಯೊಶಿನೊಬು 1867ರಲ್ಲಿ ಅಧಿಕಾರ ಹಿಂದಿರುಗಿಸುವ ತೀರ್ಮಾನ ತಿಳಿಸಿದ್ದು ಈ ಬಾಗಿಲಿನಾಚೆಯ ಅರಮನೆಯಲ್ಲೇ. ಆಮೇಲೆ 1884ರಲ್ಲಿ ಕೋಟೆ ಚಕ್ರವರ್ತಿ ಮನೆತನದ ಬಿಡದಿ ಆಯಿತು, ಚಿಹ್ನೆಯೂ ಬದಲಾಯಿತು.

2013ರಲ್ಲಿ ಕರಮೊನ್ ದುರಸ್ತಿ ಮುಗಿಯಿತು. ಬಣ್ಣ, ತಗಡು, ಚಾವಣಿ ಎಲ್ಲ ಬಿಚ್ಚಿ ಸರಿಮಾಡಿದರು. ಆ ಕೆಲಸದಲ್ಲಿ ಸೇವಂತಿಗೆಯ ಅಡಿಯಲ್ಲಿ ಇನ್ನೊಂದು ಗುರುತು ಕಂಡಿತು. ತೊಕುಗಾವ ಮನೆತನದ ಮೂರು ಎಲೆಯ ಚಿಹ್ನೆ. ಚಿಹ್ನೆ ಬದಲಾಯಿಸಿದ ಕೆಲಸಗಾರರು ಹಳೆಯದನ್ನು ಕಿತ್ತು ಬಿಸಾಕಿರಲಿಲ್ಲ, ಅದರ ಮೇಲೇ ಹೊಸದನ್ನು ಕೂರಿಸಿದ್ದರು. ಅಷ್ಟು ವರ್ಷ ಚಕ್ರವರ್ತಿಯ ಹೂವಿನ ಬೆನ್ನಿಗೆ ಶೋಗುನ್‌ನ ಎಲೆ ಅಂಟಿಕೊಂಡೇ ಇತ್ತು. ಈಗ ನೀವು ಹೋಗಿ ಬಾಗಿಲ ಕೆಳಗೆ ನಿಂತು ತಲೆ ಎತ್ತಿದರೆ ಹೊಳೆಯುವುದು ಸೇವಂತಿಗೆ. ಎಲೆ ಅದರ ಹಿಂದೆ ಇದೆ.